ಇನ್ನೂರ ಎಂಬತ್ತು ಸಾಲಿನ ಕುಂಬಳಕಾಯಿ

ಕಂತು ೯

"ಕತ್ತರಿಸಿದ್ದು ನೀನೇ ಅಂತ ಒಪ್ಕೊಂಡುಬಿಡು ರಾಗಿಣಿ. ಇಬ್ಬರಿಗೂ ಟೈಮ್ ಉಳಿಯತ್ತೆ."

ಇಷ್ಟು ಹೇಳಿ ನಾನು ಹದಿನಾಲ್ಕು ಹಾಳೆಗಳನ್ನು ಅವಳ ಟೀಪಾಯಿಯ ಮೇಲೆ ಸಾಲಾಗಿ ಹರಡಿದೆ. ಟೀಪಾಯಿ ಸಾಲದೆ ಕೊನೆಯ ಮೂರನ್ನು ದಿವಾನದ ಮೇಲಿಟ್ಟೆ. ಸಾಫ್ಟ್‌ವೇರ್ ತಪ್ಪುಗಳ ತನಿಖೆ ಮಾಡುವ ಈ ಕೆಲಸಕ್ಕೆ ಬಂದ ಮೇಲೆ ನಾನು ಕಲಿತ ವಿದ್ಯೆ ಇದೊಂದೇ. ಎದುರಿನವರ ಮನೆಯಲ್ಲೇ ಕಾಗದ ಹರಡಿಕೊಂಡು ಕೂತರೆ ಅವರ ಧೈರ್ಯ ಅರ್ಧ ಇಳಿದುಹೋಗುತ್ತದೆ.

ಆ ಮಧ್ಯಾಹ್ನದ ನನ್ನ ಗತ್ತು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ರಾಗಿಣಿ ಹಾಳೆಗಳ ಕಡೆ ನೋಡಲಿಲ್ಲ. ನಿಂಬೆಹಣ್ಣಿನ ಪಾನಕದ ಲೋಟವನ್ನು ನನ್ನ ಕೈಗೇ ಕೊಟ್ಟಳು.

"ಮೊದ್ಲು ಕುಡೀರಿ ಮೇಡಂ. ಆಟೋದವನು ಕೆರೆ ಹತ್ರಾನೇ ಇಳಿಸಿರ್ತಾನೆ. ನಮ್ಮ ರೋಡಿಗೆ ಒಬ್ಬರೂ ಬರಲ್ಲ."

ನಿಜ. ಹೇರೋಹಳ್ಳಿಯ ಆ ಹೊಸ ಸೈಟುಗಳ ನಡುವೆ ಅರ್ಧ ಕಿಲೋಮೀಟರು ಧೂಳು ಕುಡಿಯುತ್ತಾ ನಡೆದು ಬಂದಿದ್ದೆ. ಐವತ್ಮೂರರ ಮಂಡಿ ದಾರಿಯುದ್ದಕ್ಕೂ ಬೈಯುತ್ತಿತ್ತು. ಗಂಟೆ ಒಂದೂವರೆ. ನಾಲ್ಕಕ್ಕೆ ವಿಜಯನಗರದ ಆಸ್ಪತ್ರೆಯಲ್ಲಿ ವಿಚಾರಣಾ ಸಮಿತಿ ಕೂರಲಿತ್ತು. ಅಷ್ಟರೊಳಗೆ ನಾನು ಒಂದು ಹೆಸರು ಕೊಡದಿದ್ದರೆ, ಮಕ್ಕಳ ವಾರ್ಡಿನಲ್ಲಿ ಹದಿನಾಲ್ಕು ವರ್ಷ ದುಡಿದ ನರ್ಸ್ ಕಲಾ ಕೆಲಸವನ್ನೂ ಕಳೆದುಕೊಳ್ಳುತ್ತಿದ್ದಳು, ಪೊಲೀಸು ಠಾಣೆಯ ಮೆಟ್ಟಿಲನ್ನೂ ಹತ್ತುತ್ತಿದ್ದಳು. ಅವಳ ಮೇಲಿನ ಆರೋಪ: ನಾಲ್ಕು ವರ್ಷದ ಧನ್ಯಶ್ರೀಗೆ ಎರಡು ಪಟ್ಟಿಗೂ ಮೀರಿ ಔಷಧಿ ಕೊಟ್ಟಿದ್ದು. ಮಗು ಉಳಿಯಿತು. ಅದರ ಒಂದು ಕಿವಿ ಉಳಿಯಲಿಲ್ಲ.

ಔಷಧಿಯ ಪ್ರಮಾಣ ಹೇಳಿದ್ದು ಕಲಾ ಅಲ್ಲ, ಕಂಪ್ಯೂಟರು. ಕಂಪ್ಯೂಟರಿಗೆ ಅದನ್ನು ಹೇಳಿಕೊಟ್ಟದ್ದು ರಾಜಾಜಿನಗರದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ. ಮಾಲೀಕರು ಲಕ್ಷ್ಮೀಪತಿ. ರಾಗಿಣಿ ಅಲ್ಲಿ ಪ್ರೋಗ್ರಾಂ ಬರೆಯುತ್ತಿದ್ದವಳು. ಅವಳ ಮೇಲೆ ಮುಖ್ಯಸ್ಥೆಯಾಗಿದ್ದವಳು ನಾನು, ವತ್ಸಲಾ. ಮೂರು ವರ್ಷದ ಹಿಂದೆ ನಾನೂ ಬಿಟ್ಟೆ, ಅವಳೂ ಬಿಟ್ಟಳು. ಅವಳೀಗ ಬಸವೇಶ್ವರನಗರದ ಶಾಲೆಯೊಂದರಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತಾಳೆ.

ಪಾನಕ ಕುಡಿದು ಲೋಟ ಕೆಳಗಿಟ್ಟೆ.

"ಇದು ನೀನು ಬರೆದ ಮೆಥಡ್. ಹೌದೋ ಅಲ್ವೋ?"

ಮೆಥಡ್ ಎಂದರೆ ದೊಡ್ಡ ವಿಷಯವೇನಲ್ಲ. ಪ್ರೋಗ್ರಾಮಿನಲ್ಲಿ ಒಂದು ಕೆಲಸಕ್ಕೆ ಬೇಕಾದ ಸಾಲುಗಳನ್ನು ಒಂದು ಗಂಟು ಕಟ್ಟಿ ಹೆಸರಿಡುವುದು, ಅಷ್ಟೆ. ಆ ಗಂಟು ಎಷ್ಟು ದೊಡ್ಡದಿರಬೇಕು ಎಂಬ ಬಗ್ಗೆ ಈ ಕಸುಬಿನವರು ಅಣ್ಣತಮ್ಮಂದಿರು ಆಸ್ತಿಗೆ ಕಾದಾಡುವ ಹಾಗೆ ಕಾದಾಡುತ್ತಾರೆ. ನನ್ನ ಕಾಲದಲ್ಲಿ ನಮ್ಮ ಆಫೀಸಿನಲ್ಲಿ ಆ ಜಗಳವೇ ಇರಲಿಲ್ಲ. ಇಪ್ಪತ್ತು ಸಾಲು. ಇಪ್ಪತ್ತೊಂದನೆಯ ಸಾಲು ಬರೆದವರು ನನ್ನ ಮೇಜಿನ ಮುಂದೆ ಬಂದು ನಿಲ್ಲಬೇಕಿತ್ತು.

"ಬರೆದಿದ್ದು ನಾನೇ ಮೇಡಂ," ಎಂದಳು ರಾಗಿಣಿ. "ಒಂದೇ ಮೆಥಡ್. ಇನ್ನೂರ ಎಂಬತ್ತು ಸಾಲು."

"ಈಗ ಹದಿನಾಲ್ಕು ತುಂಡಿದೆ. ಲೆಕ್ಕ ಇಟ್ಟಂಗೆ ಒಂದೊಂದೂ ಇಪ್ಪತ್ತೇ ಸಾಲು. ಹೆಸರು ನೋಡು. ಭಾಗ ಒಂದು, ಭಾಗ ಎರಡು, ಭಾಗ ಮೂರು. ಇದು ಪ್ರೋಗ್ರಾಂ ವಿಭಾಗಿಸಿರೋ ರೀತಿನಾ? ಸಾಂಬಾರಿಗೆ ನುಗ್ಗೇಕಾಯಿ ಕತ್ತರಿಸಿದಂಗಿದೆ."

ಅವಳು ಮೊದಲ ಸಲ ಹಾಳೆಯ ಕಡೆ ಕಣ್ಣು ಹಾಯಿಸಿದಳು. ತಕ್ಷಣ ಮುಖ ತಿರುಗಿಸಿದಳು. ನಾನು ಅದನ್ನು ಅಪರಾಧಿಯ ಲಕ್ಷಣ ಎಂದುಕೊಂಡು ಒಳಗೊಳಗೇ ಹಿಗ್ಗಿದೆ.

"ಏಳನೇ ಹಾಳೆ ಕೊನೇ ಸಾಲು ಓದು."

ಓದಲಿಲ್ಲ. ಬಾಯಿಪಾಠವಾಗಿತ್ತು. "ತೂಕ ಪೌಂಡಿನಲ್ಲಿದ್ರೆ ಕಿಲೋಗೆ ಬದಲಾಯಿಸು."

"ಎಂಟನೇ ಹಾಳೆ ಮೊದಲ್ನೇ ಸಾಲು?"

"ತೂಕಕ್ಕೆ ತಕ್ಕಂತೆ ಔಷಧಿ ಲೆಕ್ಕ ಹಾಕು."

ಎಲ್ಲ ಇದ್ದದ್ದು ಇಲ್ಲೇ. ಎರಡೂ ಸಾಲು ಒಂದೇ ಗಂಟಿನಲ್ಲಿದ್ದಾಗ ತಿದ್ದಿದ ತೂಕವೇ ಲೆಕ್ಕಕ್ಕೆ ಸಿಗುತ್ತಿತ್ತು. ಗಂಟು ಬಿಚ್ಚಿ ತುಂಡು ಮಾಡಿದ ಮೇಲೆ ಒಂದೊಂದು ತುಂಡಿನ ಕೈಗೂ ತೂಕದ ಚೀಟಿಯನ್ನು ಬೇರೆ ಬೇರೆ ಕೊಡಬೇಕು. ಏಳನೆಯ ತುಂಡು ತನ್ನ ಚೀಟಿಯಲ್ಲಿ ಪೌಂಡನ್ನು ಕಿಲೋ ಮಾಡಿಕೊಂಡು ಸುಮ್ಮನೆ ಕೂತಿತು. ಎಂಟನೆಯದರ ಕೈಗೆ ಹೋದದ್ದು ತಿದ್ದದ ಹಳೆಯ ಚೀಟಿ. ತಿದ್ದಿದ್ದನ್ನು ವಾಪಸ್ಸು ಕೊಡು ಎಂದು ಕತ್ತರಿಸಿದವರು ಬರೆಯಲೇ ಇಲ್ಲ.

ಮೂರು ವರ್ಷ ಇದು ಯಾರಿಗೂ ಕಚ್ಚಲಿಲ್ಲ. ಆಸ್ಪತ್ರೆಯ ತಕ್ಕಡಿಗಳೆಲ್ಲ ಕಿಲೋದವು. ಎರಡು ತಿಂಗಳ ಹಿಂದೆ ಯಾರೋ ಪುಣ್ಯಾತ್ಮರು ಮಕ್ಕಳ ವಾರ್ಡಿಗೆ ಹೊರದೇಶದ ತಕ್ಕಡಿಯೊಂದನ್ನು ದಾನ ಕೊಟ್ಟರು. ಅದು ಪೌಂಡಿನಲ್ಲಿ ತೂಗಿ, ತಂತಿಯ ಮೂಲಕ ತಾನೇ ಕಂಪ್ಯೂಟರಿಗೆ ತೂಕ ಕಳಿಸುವಂಥದು. ಹದಿನಾಲ್ಕು ಕಿಲೋ ಇದ್ದ ಧನ್ಯಶ್ರೀ ಕಂಪ್ಯೂಟರಿನ ಪಾಲಿಗೆ ಮೂವತ್ತೊಂದು ಕಿಲೋ ಆದಳು.

"ಮೊನ್ನೆ ಸೋಮವಾರ ನಾನೇ ಆ ತಕ್ಕಡಿ ಮೇಲೆ ಹತ್ತು ಕಿಲೋ ಅಕ್ಕಿ ಮೂಟೆ ಇಟ್ಟು ನೋಡಿದೀನಿ," ಎಂದೆ. "ಕಂಪ್ಯೂಟರು ಇಪ್ಪತ್ತೆರಡು ಕಿಲೋ ಅಂತ ಲೆಕ್ಕ ಹಾಕ್ತು. ಅಲ್ಲಿಗೆ ನರ್ಸ್ ತಪ್ಪಲ್ಲ ಅಂತ ಸಾಬೀತಾಯ್ತು. ಇನ್ನು ಸಮಿತಿಗೆ ಬೇಕಿರೋದು ಕತ್ತರಿಸಿದವರ ಹೆಸರು. ಕಂಪನಿ ದಾಖಲೆ ನಿನ್ನ ಹೆಸರು ಹೇಳ್ತಿದೆ. ನಿನ್ನ ಲಾಗಿನ್. ನಿನ್ನ ಮೆಷಿನ್. ಆಯುಧಪೂಜೆ ಹಿಂದಿನ ದಿನ, ಬೆಳಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಪಕ್ಕದಲ್ಲಿ ಟಿಪ್ಪಣಿ ಬೇರೆ ಇದೆ. ಕುಂಬಳಕಾಯಿ ಒಡೆಯಿತು ಅಂತ."

ಇದನ್ನು ವಿವರಿಸಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ಆಯುಧಪೂಜೆಯ ದಿನ ಎಲ್ಲ ಆಫೀಸುಗಳಲ್ಲೂ ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆಯುತ್ತಾರೆ. ನಾನು ಅದರ ಹಿಂದಿನ ದಿನಕ್ಕೂ ಒಂದು ಶಾಸ್ತ್ರ ಹುಟ್ಟುಹಾಕಿದ್ದೆ. ಆ ವರ್ಷ ಆಫೀಸಿನಲ್ಲಿ ಬರೆದ ಅತಿ ಉದ್ದದ ಮೆಥಡ್ಡೇ ನಮ್ಮ ಕುಂಬಳಕಾಯಿ. ಅದನ್ನು ಉದ್ದಕ್ಕೆ ಪ್ರಿಂಟ್ ತೆಗೆದು, ಹಾಳೆಗೆ ಹಾಳೆ ಅಂಟಿಸಿ, ಬರೆದವರ ಕುರ್ಚಿಗೆ ಚೆಂಡುಹೂವಿನ ಜೊತೆ ಹಾರ ಹಾಕುವುದು. ಆಮೇಲೆ ಎಲ್ಲರೂ ಸುತ್ತ ನಿಂತು ನೋಡುತ್ತಿರುವಾಗ ಅವರು ಅದನ್ನು ಒಡೆಯಬೇಕು, ಅಂದರೆ ಇಪ್ಪತ್ತು ಸಾಲಿನ ತುಂಡುಗಳಾಗಿ ಮಾಡಬೇಕು. ಕೊನೆಗೆ ಮೈಸೂರುಪಾಕು ಹಂಚುವುದು. ಹುಡುಗರೆಲ್ಲ ನಗುತ್ತಿದ್ದರು. ನಗುವುದನ್ನು ನೋಡಿ ಎಲ್ಲರಿಗೂ ಖುಷಿಯಾಗಿದೆ ಎಂದು ನಾನು ನಂಬಿದ್ದೆ.

"ಆ ವರ್ಷದ ಕುಂಬಳಕಾಯಿ ನಿಂದೇ," ಎಂದೆ. "ಅವಮಾನ ಆಗಿರತ್ತೆ, ಒಪ್ಪಿದೆ. ಸಿಟ್ಟಲ್ಲಿ ಕಣ್ಣುಮುಚ್ಚಿಕೊಂಡು ಕತ್ತರಿಸಿದೀಯ. ಬೇಕಂತ ಮಾಡಿದೀಯ ಅಂತ ನಾನು ಬರೆಯಲ್ಲ. ಅಜಾಗರೂಕತೆ ಅಂತಷ್ಟೇ ಬರೀತೀನಿ."

"ಮೂರನೇ ಹಾಳೆ ನೋಡಿ ಮೇಡಂ." ಅವಳ ದನಿ ತಣ್ಣಗಿತ್ತು. "ಕೊನೇ ಸಾಲು."

ನೋಡಿದೆ. ಅದು ಲೆಕ್ಕವಲ್ಲ, ತಲೆಬರಹ. 'ಇಲ್ಲಿಂದ ವಯಸ್ಸಿನ ಲೆಕ್ಕ' ಎಂದು ಕನ್ನಡದಲ್ಲೇ ಬರೆದಿದ್ದಳು. ವಯಸ್ಸಿನ ಲೆಕ್ಕ ಶುರುವಾಗುವುದು ನಾಲ್ಕನೆಯ ಹಾಳೆಯಲ್ಲಿ. ತಲೆ ಒಂದು ತುಂಡಿನಲ್ಲಿ, ಮೈ ಇನ್ನೊಂದರಲ್ಲಿ.

"ತಾನೇ ಬರೆದ ಹೆಡ್ಡಿಂಗನ್ನ ತಾನೇ ಹಿಂಗೆ ಕಡೀತಾರಾ? ಆ ಮೆಥಡ್ ಉದ್ದ ಇತ್ತು ಮೇಡಂ, ನಾನು ಇಲ್ಲ ಅನ್ನಲ್ಲ. ಒಡೀಬೇಕಿತ್ತು, ಅದೂ ನಿಜ. ಆದ್ರೆ ನಾಲ್ಕು ಕಡೆ. ತೂಕದ್ದು ಒಂದು, ವಯಸ್ಸಿಂದು ಒಂದು, ಔಷಧಿ ಲೆಕ್ಕ ಒಂದು, ಇಷ್ಟಕ್ಕಿಂತ ಜಾಸ್ತಿ ಹೋಗ್ಬಾರ್ದು ಅನ್ನೋ ಮಿತಿ ಒಂದು. ಒಂದು ಎಪ್ಪತ್ತು ಸಾಲಾಗ್ತಿತ್ತು, ಇನ್ನೊಂದು ಮೂವತ್ತು. ಒಂದು ಕೆಲಸ ಎಲ್ಲಿ ಮುಗಿಯತ್ತೋ ಅಲ್ಲಿ ಕಡೀಬೇಕು. ನಂಗೆ ಎರಡು ದಿನ ಕೊಡಿ, ಪರೀಕ್ಷೆ ಮಾಡ್ಕೊಂಡು ಒಡೀತೀನಿ ಅಂದೆ ನಿಮಗೆ. ಆ ಪೌಂಡಿನ ಸಾಲು ಬರೆದಿದ್ದೂ ನಾನೇ. ಯಾವತ್ತಾದ್ರೂ ಅಂಥ ತಕ್ಕಡಿ ಬಂದ್ರೆ ಮಗೂಗೆ ತೊಂದ್ರೆ ಆಗ್ದಿರ್ಲಿ ಅಂತ."

"ನನಗೆ ಅಂದೆಯಾ?"

"ಎಲ್ಲರ ಮುಂದೆ."

ನನಗೆ ನೆನಪಿರಲಿಲ್ಲ. ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡೆ.

"ಸರಿ. ನೀನಲ್ಲ ಅಂದ್ರೆ ನಿನ್ನ ಕುರ್ಚಿಯಲ್ಲಿ ಕೂತು ಒಡೆದವರು ಯಾರು?"

ರಾಗಿಣಿ ನನ್ನನ್ನೇ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಆಶ್ಚರ್ಯ ಇತ್ತು.

"ನಿಮಗೆ ನಿಜವಾಗ್ಲೂ ಜ್ಞಾಪಕ ಇಲ್ವಾ ಮೇಡಂ?"

ಅವಳು ಫೋನ್ ತೆಗೆದು, ಹುಡುಕಿ, ನನ್ನ ಮುಂದೆ ಹಿಡಿದಳು. ಆಫೀಸಿನ ಯಾರೋ ತೆಗೆದ ವಿಡಿಯೋ. ನಾಲ್ಕು ನಿಮಿಷದ್ದು.

ಚೆಂಡುಹೂವು. ಕುರ್ಚಿಯ ಬೆನ್ನಿನಿಂದ ನೆಲದವರೆಗೆ ಜೋತ ಕಾಗದದ ಹಾರ. ಗೋಡೆಯ ಪಕ್ಕ ಸೆರಗು ಬೆರಳಿಗೆ ಸುತ್ತಿಕೊಂಡು ನಿಂತ ರಾಗಿಣಿ. ಆ ಕುರ್ಚಿಯ ಮೇಲೆ ಮೈಸೂರು ಸಿಲ್ಕ್ ಉಟ್ಟು, ಕನ್ನಡಕ ಮೂಗಿನ ತುದಿಗೆ ಇಳಿಸಿ ಕೂತ ಹೆಂಗಸು. ಅವಳು ಜೋರಾಗಿ ಎಣಿಸುತ್ತಿದ್ದಾಳೆ. "ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು!" ಸುತ್ತಲಿದ್ದವರು ಚಪ್ಪಾಳೆ ತಟ್ಟಿ "ಕಟ್!" ಎನ್ನುತ್ತಾರೆ. ಅವಳು ಕತ್ತರಿಸುತ್ತಾಳೆ. ಮತ್ತೆ ಎಣಿಕೆ. ನಡುವೆ ಕ್ಯಾಮೆರಾ ಕಡೆ ತಿರುಗಿ ಹೇಳುತ್ತಾಳೆ, "ಎರಡು ದಿನ ಬೇಕಂತೆ ಇವಳಿಗೆ! ನೋಡ್ಕೊಳ್ಳಿ ಮಕ್ಕಳಾ, ಹತ್ತು ನಿಮಿಷದ ಕೆಲಸ."

ಆ ಹೆಂಗಸು ನಾನು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಗಾದೆ ನಮಗೆಲ್ಲ ಗೊತ್ತು. ನಾನು ಹೆಗಲು ಮುಟ್ಟಿಕೊಳ್ಳುವಷ್ಟು ಕೂಡ ಎಚ್ಚರವಿಲ್ಲದ ಕಳ್ಳಿ. ಮೂರು ವಾರ ಊರೆಲ್ಲ ಅಲೆದಿದ್ದೆ. ಲಗ್ಗೆರೆಯಲ್ಲಿ ಕಲಾಳ ಮನೆಗೆ ಹೋಗಿ, ಅವಳ ಗಂಡ ಶಶಿಕುಮಾರನ ಮುಂದೆ ಎದೆ ತಟ್ಟಿಕೊಂಡು, "ಕತ್ತರಿಸಿದವರು ಪಾತಾಳದಲ್ಲಿದ್ದರೂ ಎಳ್ಕೊಂಡು ಬರ್ತೀನಿ" ಅಂದಿದ್ದೆ. ಪೀಣ್ಯದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದಿದ್ದ ಆ ಮನುಷ್ಯ ನನ್ನ ಕಾಲು ಮುಟ್ಟಿದ್ದ. ಈಗ ಆ ಕಾಲನ್ನು ಎಲ್ಲಿಟ್ಟುಕೊಳ್ಳಲಿ ಎಂದು ತಿಳಿಯದೆ ದಿವಾನದ ಕೆಳಗೆ ಎಳೆದುಕೊಂಡೆ.

"ಹಂಗೆ ಎಣಿಸಿ ಒಡೆಯಲ್ಲ ಅಂದೆ ನಾನು," ರಾಗಿಣಿ ಮೆಲ್ಲಗೆ ಹೇಳಿದಳು. "ಅದಕ್ಕೆ ನೀವೇ ಕೂತ್ರಿ."

ಹೊಡೆದ ಕೈಗೆ ನೆನಪಿರುವುದಿಲ್ಲ ಎನ್ನುವುದನ್ನು ನಾನು ಬೇರೆಯವರ ವಿಷಯದಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಆ ದಿನ ನನ್ನ ಪಾಲಿಗೆ ಮೈಸೂರುಪಾಕಿನ ದಿನ, ಅಷ್ಟೆ. ಸಂಜೆ ಮನೆಗೆ ಹೋಗಿ ಹಬ್ಬದ ಹೂವು ಕಟ್ಟಿರಬೇಕು.

"ಆಮೇಲಾದ್ರೂ ನೀನು ಆ ಫೈಲ್ ತೆಗೆದು ನೋಡ್ಲಿಲ್ವಾ?" ಎಂದೆ. ನನ್ನ ದನಿ ನನಗೇ ಬೇಡಿಕೊಂಡ ಹಾಗೆ ಕೇಳಿಸಿತು. ಈ ಹೊತ್ತಿನಲ್ಲೂ ತಪ್ಪಿನ ಒಂದು ಚೂರನ್ನು ಅವಳಿಗೆ ದಾಟಿಸಲು ನೋಡುತ್ತಿದ್ದೆ.

ಅವಳು ಅದನ್ನು ತೆಗೆದುಕೊಂಡಳು.

"ಇಲ್ಲ. ಅದೇ ನನ್ನ ತಪ್ಪು ಮೇಡಂ. ಆ ಫೈಲ್ ಹೆಸರು ನೋಡಿದ್ರೇ ಮೈಯೆಲ್ಲ ಮುದುಡ್ತಿತ್ತು. ಎಲ್ಲರ ಚಪ್ಪಾಳೆ ಕೇಳ್ತಿತ್ತು. ಒಂದೇ ಒಂದು ಸಲ ತೆಗೆದಿದ್ರೆ ಎರಡು ನಿಮಿಷದಲ್ಲಿ ಕಾಣ್ತಿತ್ತು ನಂಗೆ. ತೆಗೀಲಿಲ್ಲ. ಎರಡು ತಿಂಗಳಿಗೆ ಕೆಲಸಾನೇ ಬಿಟ್ಟೆ. ಪೇಪರಲ್ಲಿ ಆ ಮಗೂ ಸುದ್ದಿ ಓದಿದ ದಿನದಿಂದ ನಿದ್ದೆ ಇಲ್ಲ."

ನಾನು ಅವಳ ಕಣ್ಣು ನೋಡಲಾರದೆ ಹಾಳೆಗಳನ್ನು ಒಟ್ಟುಮಾಡತೊಡಗಿದೆ. ಏಳನೆಯದು ಜಾರಿ ಕೆಳಗೆ ಬಿತ್ತು. ಅವಳೇ ಎತ್ತಿಕೊಟ್ಟಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಈ ವಿಡಿಯೋ ಬೇರೆ ಯಾರಾದ್ರೂ ನೋಡಿದಾರಾ?"

"ಲಕ್ಷ್ಮೀಪತಿ ಸಾರ್. ಹೋದ ತಿಂಗಳು ಮನೆಗೇ ಬಂದಿದ್ರು. ಅಳಿಸಿಬಿಡಮ್ಮ, ಹಳೇದೆಲ್ಲ ಯಾಕೆ ಅಂದ್ರು. ಅಳಿಸಿದೀನಿ ಅಂತ ಹೇಳಿ ಕಳಿಸ್ದೆ."

ಹೋದ ತಿಂಗಳು. ಅಂದರೆ ನನ್ನನ್ನು ಈ ತನಿಖೆಗೆ ಕರೆಯುವ ಮೊದಲೇ. "ಆ ಕೋಡ್ ಚೆನ್ನಾಗಿ ಗೊತ್ತಿರೋದು ವತ್ಸಲಾ ಮೇಡಂಗೆ ಮಾತ್ರ" ಎಂದು ಸಮಿತಿಗೆ ನನ್ನ ಹೆಸರು ಸೂಚಿಸಿದ್ದು ಲಕ್ಷ್ಮೀಪತಿಯೇ. ನಾನು ಆಗ ಉಬ್ಬಿಹೋಗಿದ್ದೆ.

ನೇರವಾಗಿ ಅವರಿಗೇ ಫೋನ್ ಮಾಡಿದೆ. ರಾಗಿಣಿಯೂ ಸಾಕ್ಷಿಯಾಗಿ ಕೇಳಲಿ ಎಂದು ಸ್ಪೀಕರ್ ಹಾಕಿ ಟೀಪಾಯಿಯ ಮೇಲಿಟ್ಟೆ.

"ಹೇಳಿ ಮೇಡಂ. ರಿಪೋರ್ಟ್ ರೆಡಿನಾ? ಆ ಹುಡುಗಿ ಹೆಸರು ತಾನೆ?"

"ಕತ್ತರಿಸಿದ್ದು ಅವಳಲ್ಲ ಸಾರ್."

"ಗೊತ್ತು," ಎಂದರು, ಕಾಫಿಗೆ ಸಕ್ಕರೆ ಎಷ್ಟು ಎಂದು ಕೇಳಿದವರಿಗೆ ಹೇಳುವ ದನಿಯಲ್ಲಿ.

"ಗೊತ್ತಿದ್ದೂ ನನ್ನ ಹೆಸರು ಸಮಿತಿಗೆ ಕೊಟ್ರಾ?"

"ಗೊತ್ತಿದ್ದಿದ್ದಕ್ಕೇ ಕೊಟ್ಟೆ. ಬೇರೆಯವರು ಬಂದಿದ್ರೆ ನಿಮ್ಮ ಇಪ್ಪತ್ತು ಸಾಲಿನ ರೂಲು, ನನ್ನ ಆಫೀಸು, ಆ ಪೂಜೆ, ಎಲ್ಲ ಬೀದಿಗೆ ಬರ್ತಿತ್ತು. ನೀವೇ ಬಂದ್ರೆ ದಾಖಲೆಯಲ್ಲಿರೋ ಹೆಸರು ಬರೆದು ಕೈ ತೊಳ್ಕೋತೀರ ಅಂದ್ಕೊಂಡೆ. ಕೆಲಸ ಬಿಟ್ಟು ಹೋದ ಹುಡುಗಿ, ಏನೋ ಎಡವಟ್ಟು ಮಾಡಿದಾಳೆ. ಅಷ್ಟಕ್ಕೇ ಮುಗಿಯತ್ತೆ. ನರ್ಸೂ ಉಳೀತಾಳೆ."

"ನಾನು ನಿಜ ಹೇಳ್ತೀನಿ. ನಾಲ್ಕು ಗಂಟೆಗೆ, ಎಲ್ಲರ ಮುಂದೆ."

"ಹೇಳಿ. ಸಮಿತಿಗೆ ಏನಂತ ಸೈನ್ ಹಾಕಿಕೊಟ್ಟಿದೀರ ಜ್ಞಾಪಿಸ್ಕೊಳ್ಳಿ. ಈ ಕೋಡಲ್ಲಿ ನನ್ನ ಕೈ ಇಲ್ಲ ಅಂತ. ಇದೆ ಅಂದ ತಕ್ಷಣ ನಿಮ್ಮ ರಿಪೋರ್ಟು ರದ್ದು. ಅಕ್ಕಿ ಮೂಟೆ, ತಕ್ಕಡಿ, ಹದಿನಾಲ್ಕು ಹಾಳೆ, ಒಂದೂ ಲೆಕ್ಕಕ್ಕಿಲ್ಲ. ಆಮೇಲೆ ಮೇಜಿನ ಮೇಲೆ ಉಳಿಯೋದು ಆಸ್ಪತ್ರೆಯವರ ಹಳೇ ರಿಪೋರ್ಟು. ಅದರಲ್ಲಿ ಯಾರ ಹೆಸರಿದೆ ಹೇಳಿ?"

ಕಲಾಳದು.

"ಹೊಸಬರನ್ನ ನೇಮಿಸಿ ಅಂತ ಕೇಳ್ತೀನಿ."

"ಕೇಳಿ. ಇವತ್ತೇ ಕೊನೇ ದಿನ ಅಂತ ಅವರೇ ಬರೆದಿದಾರೆ. ಒಂದು ವೇಳೆ ಒಪ್ಪಿದ್ರೂ, ಹೊಸಬರು ಬರೋ ಹೊತ್ತಿಗೆ ಸಾಫ್ಟ್‌ವೇರ್ ಅಪ್‌ಡೇಟ್ ಆಗಿರತ್ತೆ. ಆ ತುಂಡುಗಳು ಎಲ್ಲಿರ್ತವೆ ಮೇಡಂ? ಇರ್ಲಿ, ಊಟ ಮಾಡ್ಕೊಂಡು ಬನ್ನಿ."

ಫೋನ್ ಇಟ್ಟರು.

ನಿಜ ಹೇಳಿದರೆ ನನ್ನ ಮನಸ್ಸು ಹಗುರವಾಗುತ್ತದೆ, ಕಲಾ ಮುಳುಗುತ್ತಾಳೆ. ಸುಳ್ಳು ಹೇಳಿದರೆ ಕಲಾ ಉಳಿಯುತ್ತಾಳೆ, ಎದುರಿಗೆ ಕೂತ ಇವಳು ಮುಳುಗುತ್ತಾಳೆ. ಮಗುವಿನ ಕಿವಿ ಕೆಡಿಸಿದವಳು ಎಂಬ ಹೆಸರು ಹೊತ್ತ ಟೀಚರನ್ನು ಯಾವ ಶಾಲೆ ಇಟ್ಟುಕೊಳ್ಳುತ್ತದೆ? ಎರಡರಲ್ಲಿ ಯಾವುದನ್ನು ಆರಿಸಿದರೂ ನನಗೆ ಮಾತ್ರ ಏನೂ ಆಗುವುದಿಲ್ಲ. ಹೆಚ್ಚೆಂದರೆ ನಾಲ್ಕು ಜನ ನನ್ನನ್ನು ಆಡಿಕೊಂಡಾರು. ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸುವುದು ಇದಕ್ಕೇ.

"ಏನ್ ಮಾಡ್ತೀರ ಮೇಡಂ?" ರಾಗಿಣಿ ಕೇಳಿದಳು.

"ಗೊತ್ತಿಲ್ಲ ಕಣೇ."

ಅವಳ ಮುಂದೆ ನಾನು ಈ ಮಾತು ಹೇಳಿದ್ದು ಅದೇ ಮೊದಲು.

ಫೋನ್ ಹೊಡೆದುಕೊಂಡಿತು. ಲಕ್ಷ್ಮೀಪತಿ ಇನ್ನೇನೋ ಬೆದರಿಕೆ ಹಾಕುತ್ತಾರೆ ಎಂದುಕೊಂಡು ಹೆಸರು ನೋಡದೆ ಒತ್ತಿದೆ, ಸ್ಪೀಕರಿಗೇ ಹಾಕಿದೆ.

"ಮೇಡಂ, ನಾನು ಕಲಾ." ಹಿಂದೆ ಆಸ್ಪತ್ರೆಯ ಗದ್ದಲ. "ಬೇಗ ಬಂದು ಹೊರಗಡೆ ಬೆಂಚಲ್ಲಿ ಕೂತಿದೀನಿ. ಇವ್ರೂ ರಜಾ ಹಾಕಿ ಬಂದಿದಾರೆ. ಹೆಸ್ರು ಸಿಕ್ತಾ ಮೇಡಂ?"

ಆಮೇಲೆ ಹೇಳುತ್ತೇನೆ ಎನ್ನಬಹುದಿತ್ತು. ಆದರೆ ಅವಳಿಗೆ ಇನ್ನೊಂದು ಸುಳ್ಳು ಹೇಳಲು ನನ್ನ ನಾಲಿಗೆ ಏಳಲಿಲ್ಲ.

"ಸಿಕ್ತು ಕಲಾ. ನಾನೇ."

ಎಲ್ಲವನ್ನೂ ಹೇಳಿದೆ. ಹಾರ, ಚಪ್ಪಾಳೆ, ಎಣಿಕೆ, ರಾಗಿಣಿಯ ಕುರ್ಚಿ. ನಿಜ ಹೇಳಿದರೆ ನನ್ನ ರಿಪೋರ್ಟು ಬಿದ್ದುಹೋಗುತ್ತದೆ ಎನ್ನುವುದನ್ನೂ ಹೇಳಿದೆ. ಫೋನಿನ ಆ ಕಡೆ ಯಾರದೋ ಮಗು ಅಳುತ್ತಿತ್ತು.

"ಆವತ್ತು ನಂಗೆ ಅನುಮಾನ ಬಂತು ಮೇಡಂ," ಎಂದಳು ಕೊನೆಗೆ. "ಇಷ್ಟು ಚಿಕ್ಕ ಮಗೂಗೆ ಇಷ್ಟೊಂದಾ ಅಂತ. ಡ್ಯೂಟಿ ಡಾಕ್ಟ್ರಿಗೆ ಫೋನ್ ಮಾಡಿ ಕೇಳ್ದೆ. ಕಂಪ್ಯೂಟರ್ ಹೇಳ್ತಿದೆಯಲ್ಲಮ್ಮ, ಕೊಡು ಅಂದ್ರು. ಕೊಟ್ಟೆ. ನನ್ನ ಕೈಯಾರೆ ಕೊಟ್ಟೆ."

"ನಿಮ್ಮ ತಪ್ಪಿಲ್ಲ ಕಲಾ."

"ಅದು ಬಿಡಿ ಮೇಡಂ. ಈಗ ನೀವು ನಿಜ ಹೇಳಿದ್ರೆ ನಾನು ಹೋದೆ. ಅಲ್ವಾ?"

"ಹೌದು."

"ಆ ಹುಡುಗಿ ಹೆಸ್ರು ಹೇಳಿದ್ರೆ?"

"ನೀವು ಉಳೀತೀರ."

ಅವಳು ಮೂಗು ಏರಿಸಿಕೊಂಡದ್ದು ಕೇಳಿಸಿತು. ಆಮೇಲೆ ದನಿ ಗಟ್ಟಿಯಾಯಿತು, ವಾರ್ಡಿನಲ್ಲಿ ಹಟ ಮಾಡುವ ಮಕ್ಕಳಿಗೆ ಹೇಳುವಂತೆ.

"ಹಂಗಾದ್ರೆ ನೀವು ಸುಮ್ನಿದ್ದು ಅವಳ ಹೆಸ್ರೇ ಹೇಳಿಬಿಡಿ ಮೇಡಂ. ನಂಗೆ ಅವಳು ಯಾರೋ ಗೊತ್ತಿಲ್ಲ, ಮುಖಾನೂ ನೋಡಿಲ್ಲ. ನೋಡದೇ ಇರೋರ ಪಾಪ ನಂಗೆ ತಟ್ಟಲ್ಲ. ಹೇಳಿಬಿಡಿ, ಕೈ ಮುಗೀತೀನಿ."

ನಾನು ಕೈ ಚಾಚಿ ಸ್ಪೀಕರ್ ಆರಿಸಲು ಹೋದೆ. ರಾಗಿಣಿ ನನ್ನ ಕೈ ಹಿಡಿದು ಪಕ್ಕಕ್ಕೆ ಸರಿಸಿದಳು. ಫೋನಿನ ಮೇಲೆ ಬಗ್ಗಿದಳು.

"ಅಕ್ಕಾ," ಎಂದಳು, "ನಾನೇ ರಾಗಿಣಿ. ಇಲ್ಲೇ ಕೂತಿದೀನಿ."